ಕುವೈತಿನಲ್ಲಿ ಕೂತು ಹಂದಿ ಸಾಕುವುದು

ದೂರದಲ್ಲಿ ಕೂತು ಮಾಡಬಾರದ ಕೆಲಸಗಳು ಕೆಲವು ಇವೆ. ಸಾರಿಗೆ ಉಪ್ಪು ನೋಡುವುದು ಒಂದು, ಹಂದಿ ಸಾಕುವುದು ಇನ್ನೊಂದು. ಮೊದಲನೆಯದು ಎಲ್ಲರಿಗೂ ಗೊತ್ತು. ಎರಡನೆಯದು ಗೊತ್ತಾಗಲು ನಾನು ಕುವೈತಿಗೆ ಬರಬೇಕಾಯಿತು. ಶುವೈಖಿನ ಗ್ಯಾರೇಜಿನಲ್ಲಿ ರೇಡಿಯೇಟರ್ ಬಿಚ್ಚುವ ನಾನು ಕಾರ್ಕಳದ ಹತ್ತಿರ ನಮ್ಮ ಮನೆಯ ಹಿಂದೆ ಹಂದಿಗೂಡು ಕಟ್ಟಿಸಿದ್ದೇನೆ. ಗೂಡು ಅಲ್ಲಿ, ಯಜಮಾನ ಇಲ್ಲಿ. ನಡುವೆ ಸಮುದ್ರ ಮತ್ತು ನನ್ನ ಅಮ್ಮ. ಸಮುದ್ರವನ್ನಾದರೂ ದಾಟಬಹುದು.

ಗಲ್ಫಿನಲ್ಲಿ ಊರಿನ ವಿಷಯ ಕೊಚ್ಚಿಕೊಳ್ಳದ ಮನುಷ್ಯ ಇಲ್ಲ. ಖೈತಾನಿನ ನಮ್ಮ ರೂಮಿನಲ್ಲಿ ಒಬ್ಬನ ಫೋನಿನಲ್ಲಿ ಹೊಸ ಮನೆಯ ಫೋಟೊ ಇದೆ, ಇನ್ನೊಬ್ಬನ ಫೋನಿನಲ್ಲಿ ಮಲ್ಪೆಯ ಬೋಟು. ನನ್ನ ಫೋನಿನಲ್ಲಿ ಇರುವುದು ಹಂದಿ. ಅದೂ ಅಡ್ಡ ಮಲಗಿಕೊಂಡು ಮರಿಗಳಿಗೆ ಹಾಲು ಕೊಡುವ ಹಂದಿ. ಯಾರಿಗೆ ತೋರಿಸುವುದು? ಈ ದೇಶದಲ್ಲಿ ಅದರ ಮಾಂಸ ಸಿಗುವುದಿಲ್ಲ, ಹೆಸರನ್ನೂ ಜೋರಾಗಿ ಹೇಳುವ ಹಾಗಿಲ್ಲ. ನಮ್ಮ ಫೋರ್‌ಮನ್ ಇಸ್ಮಾಯಿಲ್ ಕಾಕ ಪುತ್ತೂರಿನ ಬ್ಯಾರಿ, ಒಳ್ಳೆಯ ಮನುಷ್ಯ. ಒಮ್ಮೆ ನಾನು ಮಧ್ಯಾಹ್ನ ಫೋನಿನಲ್ಲಿ ಬೊಬ್ಬೆ ಹೊಡೆಯುತ್ತಿದ್ದಾಗ ಅವರು ಬುತ್ತಿ ಮುಚ್ಚಿಟ್ಟು ಹೇಳಿದರು, "ಮಾರಾಯ, ಉಣ್ಣುವಾಗ ಒಂದು ಆ ಮಾತು ಬೇಡ. ಉಳಿದ ಹೊತ್ತು ನೀನು ಆನೆ ಸಾಕು, ನನಗೆಂತ." ಅಂದಿನಿಂದ ನನ್ನ ಹಂದಿ ವ್ಯವಹಾರ ಎಲ್ಲ ಹಳೆ ಟಯರುಗಳ ರಾಶಿಯ ಹಿಂದೆ. ಕಾಕ ಅದರ ಹೆಸರು ಹೇಳುವುದಿಲ್ಲ, ಆದರೆ ವಿಚಾರಿಸದೆ ಬಿಡುವುದೂ ಇಲ್ಲ. "ಎಂತ, ನಿನ್ನ ಆ ಸಾಮಾನುಗಳು ಹುಷಾರುಂಟ?" ಎಂದು ಕೇಳುತ್ತಾರೆ.

ಹಂದಿ ಯಾಕೆ ಎಂದರೆ, ನನಗೆ ಇಲ್ಲಿ ಸಾಕಾಗಿದೆ. ಬಿಸಿಲಿನಲ್ಲಿ ಸ್ಪ್ಯಾನರ್ ಮುಟ್ಟಿದರೆ ಚರ್ಮ ಅಂಟಿಕೊಳ್ಳುತ್ತದೆ. ನನ್ನ ಲೆಕ್ಕ ಸರಳ. ಮನೆಯಲ್ಲಿ ಒಂದು ತಾಯಿ ಹಂದಿ ಇದೆ. ಅದರ ಮರಿಗಳಲ್ಲಿ ಒಳ್ಳೆಯ ಹೆಣ್ಣುಗಳನ್ನು ಆರಿಸಿ ಇಟ್ಟುಕೊಂಡರೆ ಅವೇ ಮುಂದೆ ತಾಯಂದಿರಾಗುತ್ತವೆ. ಆಗ ನಾನು ಊರಿಗೆ ಹೋಗಿ ಗೂಡಿನಲ್ಲೇ ಬದುಕಬಹುದು. ಈಚೆಗೆ ಕಂಪನಿಯ ಕಾಗದಪತ್ರ ನೋಡುವ ಮಂದೂಬ್ ಬಂದು, ಇಲ್ಲಿ ಇರಲು ಬೇಕಾದ ಇಕಾಮಾ ಪರವಾನಗಿ ಮುಗಿಯುತ್ತಾ ಬಂತು, ಮುಂದುವರಿಸಬೇಕಾ ಎಂದು ಕೇಳಿದಾಗ ನಾನು ಖಲಾಸ್ ಎಂದುಬಿಟ್ಟೆ. ಆ ಮಾತು ಹೇಳಲು ಎಷ್ಟು ಸುಖ ಎಂದರೆ, ಇನ್ನೊಮ್ಮೆ ಕೇಳಲಿ ಎಂದು ಅವನ ಹಿಂದೆಯೇ ಗೇಟಿನವರೆಗೆ ಹೋದೆ.

ಮೊದಲ ಜಗಳ ಗಂಡು ಹಂದಿಯ ವಿಷಯದಲ್ಲೇ ಆಯಿತು. ಪಕ್ಕದ ಮನೆಯ ಗಂಡನ್ನು ಕರೆಸುತ್ತೇನೆ ಎಂದರು ಅಮ್ಮ. ನಮ್ಮ ತಾಯಿ ಹಂದಿ ಅದಕ್ಕೇ ಹುಟ್ಟಿದ್ದು. "ಅಮ್ಮ, ಅದು ಅಪ್ಪ," ಎಂದೆ. "ಹಂದಿಗೆ ಅಪ್ಪ ಯಾರು, ಚಿಕ್ಕಪ್ಪ ಯಾರು? ಹತ್ತಿರ ಉಂಟಲ್ಲ," ಎಂದರು. ಒಂದೇ ರಕ್ತ ಸೇರಿದರೆ ಮರಿಗಳು ಸಣ್ಣವಾಗುತ್ತವೆ, ಸಾಯುತ್ತವೆ ಎಂದು ತಿಳಿಸಿ, ಮೂಡುಬಿದಿರೆ ಕಡೆಯಿಂದ ಬೇರೆ ಗಂಡು ತರಿಸುವಷ್ಟರಲ್ಲಿ ನನ್ನ ಗಂಟಲು ಒಣಗಿತ್ತು.

ಮರಿ ಹಾಕಿದ ದಿನ ಗೂಡಿನಲ್ಲಿ ಇದ್ದದ್ದು ನನ್ನ ತಮ್ಮ ರೋಶನ್. ಅವನಿಗೆ ಚಿಕ್ಕಂದಿನಿಂದ ದಮ್ಮು. ಅದಕ್ಕಾಗಿ ಅವನಿಗೆ ಯಾರೂ ಕೆಲಸ ಹೇಳಿದವರಲ್ಲ, ಹೇಳದ್ದರಿಂದ ಅವನು ಕಲಿತವನೂ ಅಲ್ಲ. ನಾನು ಟಯರಿನ ಹಿಂದೆ ಕೂತು ವೀಡಿಯೊದಲ್ಲಿ ಒಂದೊಂದೇ ಹೇಳಿದೆ. ಮೂಗು ಬಾಯಿ ಒರಸು, ಹೊಕ್ಕುಳಿಗೆ ನೂಲು ಕಟ್ಟಿ ಅಯೋಡಿನ್ ಹಚ್ಚು, ಮೊಲೆಗೆ ಹಿಡಿ, ಮೂಲೆಯಲ್ಲಿ ಬಲ್ಬು ಹಾಕು. ನಡುವೆ ಅಮ್ಮ ಫೋನು ಕಸಿದು ಕಿವಿಗೆ ಇಟ್ಟುಕೊಂಡರು. "ಅಮ್ಮ, ನನಗೆ ನಿನ್ನ ಕಿವಿ ಮಾತ್ರ ಕಾಣುತ್ತದೆ," ಎಂದೆ. "ಮತ್ತೆ ಕೇಳುವುದು ಎಂತದ್ರಲ್ಲಿ?" ಎಂದರು. ಒಂದು ಮರಿ ತಾಯಿಯ ಅಡಿಗೆ ಬಿದ್ದು ಸತ್ತದ್ದನ್ನು ನಾನು ಅಮ್ಮನ ಕಿವಿಯೋಲೆ ನೋಡುತ್ತಾ ಕೇಳಿಸಿಕೊಂಡೆ.

ಹಂದಿ ಮರಿಗೆ ಹುಟ್ಟುವಾಗಲೇ ಸೂಜಿಯಂಥ ಹಲ್ಲು ಇರುತ್ತದೆ. ಅದರ ತುದಿ ಕತ್ತರಿಸದಿದ್ದರೆ ತಾಯಿಯ ಮೊಲೆ ಕಚ್ಚಿ ಗಾಯ ಮಾಡುತ್ತದೆ, ತಾಯಿ ಹಾಲು ಕೊಡದೆ ಏಳುತ್ತದೆ. ರೋಶನ್ ಕಣ್ಣು ಮುಚ್ಚಿಕೊಂಡು ಕತ್ತರಿಸಿದ. ಕಣ್ಣು ಮುಚ್ಚಿದ ಡೆಂಟಿಸ್ಟನ್ನು ನಾನು ನೋಡಿದ್ದು ಅದೇ ಮೊದಲು. ಮೂರನೇ ದಿನದ ಕಬ್ಬಿಣದ ಇಂಜೆಕ್ಷನ್ನಿಗೆ ಅಮ್ಮನೇ ತಡೆ. "ಮಣ್ಣು ಮೂಸಿದರೆ ಕಬ್ಬಿಣ ಸಿಕ್ಕುವುದಿಲ್ಲವ? ನೀವೆಲ್ಲ ಇಂಜೆಕ್ಷನ್ ಚುಚ್ಚಿಸಿಕೊಂಡೇ ದೊಡ್ಡವರಾದದ್ದಾ?" ಎಂದು ಸಿಮೆಂಟು ನೆಲಕ್ಕೆ ಒಂದು ಬುಟ್ಟಿ ಮಣ್ಣು ತಂದು ಹಾಕಿದರು. ಗಂಡು ಮರಿಗಳ ಬೀಜ ತೆಗೆಯುವ ದಿನ ರೋಶನನಿಗೆ ರಕ್ತ ನೋಡಿ ತಲೆ ತಿರುಗಿತು. ಅಮ್ಮ ಅವನಿಗೆ ಲಿಂಬೆ ಶರಬತ್ತು ಕೊಟ್ಟು ಮಲಗಿಸಿ, ಸೆರಗು ಸಿಕ್ಕಿಸಿ, ಬಂಗುಡೆ ಮೀನು ಸರಿಮಾಡುವ ಹಾಗೆ ತಾನೇ ಎಲ್ಲ ಮುಗಿಸಿದರು. ಆ ಹೆಂಗಸಿನ ಕೈ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ತಲೆಯ ಬಗ್ಗೆ.

ಒಂದೊಂದು ಮರಿ ಒಂದೊಂದು ಮೊಲೆ ಹಿಡಿದರೆ ಮತ್ತೆ ಬಿಡುವುದಿಲ್ಲ. ಮುಂದಿನ ಮೊಲೆಯಲ್ಲಿ ಹಾಲು ಜಾಸ್ತಿ, ಗಟ್ಟಿ ಮರಿ ಗುದ್ದಾಡಿ ಅಲ್ಲಿಗೆ ಸೇರುತ್ತದೆ. ಬಡಕಲಿಗೆ ಹಿಂದಿನದು. ಮುಂದಿದ್ದ ಎರಡು ಹೆಣ್ಣುಗಳ ಮೇಲೆ ನಾನು ಆಗಲೇ ಕಣ್ಣಿಟ್ಟಿದ್ದೆ. ಉದ್ದ ಬೆನ್ನು, ನೆಟ್ಟಗಿನ ಕಾಲು, ಹೊಟ್ಟೆ ತುಂಬ ಸಾಲಾಗಿ ಮೊಲೆ. ಬೆನ್ನಿಗೆ ಬಣ್ಣ ಬಳಿಸಿ ಹೇಳಿದೆ, "ಇವೆರಡು ತಾಯಂದಿರು. ಇವನ್ನು ಮುಟ್ಟಬೇಡಿ. ಉಳಿದದ್ದು ಮಾರಿ." ಕಡೆಯಲ್ಲಿದ್ದ ಬಡಕಲು ಹೆಣ್ಣಿಗೆ ಅಮ್ಮ ಅಷ್ಟರಲ್ಲಿ ಸಣ್ಣಿ ಎಂದು ಹೆಸರಿಟ್ಟು, ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದರು. "ಅದನ್ನು ಮೊದಲು ಕಳಿಸು," ಎಂದೆ. ಅಮ್ಮ ಹೂಂ ಎಂದರು. ಅಮ್ಮನ ಹೂಂ ಎಂದರೆ ಸಿಗ್ನಲ್ ಇದೆ ಎಂದಷ್ಟೇ ಅರ್ಥ.

ತಿಂಗಳುಗಳು ಹೋದವು. ನಾನು ಊರಿಗೆ ಒಯ್ಯಲು ಕಂಬಳಿ ಕೂಡ ತೆಗೆದಿಟ್ಟೆ. ಒಂದು ಶುಕ್ರವಾರ ಮಧ್ಯಾಹ್ನ ರೋಶನನಿಗೆ ಗೂಡು ತೋರಿಸು ಎಂದೆ. ಮೂಲೆಯಲ್ಲಿ ಸಣ್ಣಿ ನಿಂತಿತ್ತು, ಬೆನ್ನೆಲುಬು ಎಣಿಸಬಹುದಿತ್ತು. "ಆ ಎರಡು ಎಲ್ಲಿ?" ಎಂದೆ. ಅವನು ಫೋನು ಅಮ್ಮನಿಗೆ ಕೊಟ್ಟು ಕೆಮ್ಮತೊಡಗಿದ.

"ತೆರೆಜಾ ಬಾಯಿಯ ಮಗಳ ರೋಸಿಗೆ ಕೊಟ್ಟೆ ಪುತಾ," ಎಂದರು ಅಮ್ಮ.

ರೋಸ್ ಎಂದರೆ ನಮ್ಮ ಕ್ರಿಸ್ತಾಂವರಲ್ಲಿ ಮದುವೆಯ ಹಿಂದಿನ ದಿನ ಹುಡುಗಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ. ಆ ದಿನ ಊಟಕ್ಕೆ ಹಂದಿ ಮಾಂಸ ಇಲ್ಲದಿದ್ದರೆ ಹುಡುಗಿ ಇಲ್ಲದಿದ್ದ ಹಾಗೆ. "ಅವರು ದೊಡ್ಡದೇ ಬೇಕು ಅಂದರು. ಮದುವೆ ಮನೆಗೆ ಬಡಕಲು ಕೊಡ್ಲಿಕ್ಕೆ ಆಗ್ತದ? ಎಲ್ಲರೂ ಹೊಗಳಿದರು. ಕೊಬ್ಬು ನೋಡಿಯೇ ಪಾದ್ರಿಗಳು ಎರಡನೇ ಸಲ ಬಡಿಸಿಕೊಂಡರು. ಸಣ್ಣಿ ಉಂಟಲ್ಲ ಗೂಡಿಗೆ, ಅದೇ ನಾಳೆ ಮರಿ ಹಾಕ್ತದೆ," ಎಂದರು.

ನಾನು ಟಯರಿನ ಮೇಲೆ ಕೂತುಬಿಟ್ಟೆ. ಶುಕ್ರವಾರ ರಜೆಯಾದರೂ ಅರ್ಜೆಂಟು ಗಾಡಿಯ ಕೆಲಸಕ್ಕೆ ನನ್ನ ಜೊತೆ ಬಂದಿದ್ದ ಇಸ್ಮಾಯಿಲ್ ಕಾಕ ನನ್ನ ಮುಖ ನೋಡಿ ಏನೆಂದು ಕೇಳಿದರು. ಹೇಳಿದೆ. ಅವರು ತಲೆ ಅಲ್ಲಾಡಿಸಿದರು. "ಆಡಿಗೂ ನಾವು ಹಾಗೆ ಮಾಡುವುದಿಲ್ಲ ಮಾರಾಯ. ಒಳ್ಳೆದನ್ನು ಕೊಯ್ದು ಬಡಕಲನ್ನು ಹಟ್ಟಿಗೆ ಇಟ್ಟರೆ ಹಟ್ಟಿ ಉಳೀತದ?" ಕೈ ಒರಸಿಕೊಂಡು ಮೆಲ್ಲಗೆ ಕೇಳಿದರು, "ಮಂದೂಬನ ಹತ್ತಿರ ನಾನೇ ಹೇಳ್ಲ? ಇಕಾಮಾ ಇನ್ನೂ ಕ್ಯಾನ್ಸಲ್ ಮಾಡಿರ್ಲಿಕ್ಕಿಲ್ಲ."

ನಾನು ಮತ್ತೆ ಅಮ್ಮನಿಗೆ ಫೋನು ಮಾಡಿ ಬಾಯಿಗೆ ಬಂದದ್ದೆಲ್ಲ ಹೇಳಿದೆ. ಗಟ್ಟಿ ಇದ್ದದ್ದನ್ನು ಮಾರಿ ಕೈಲಾಗದ್ದನ್ನು ಸಾಕುವ ಬುದ್ಧಿ ನಿನಗೆ ಕೊಟ್ಟದ್ದು ಯಾರು ಎಂದು ಕೇಳಿದೆ. ಅಮ್ಮ ಸಿಟ್ಟಾಗಲಿಲ್ಲ. ದಡ್ಡನಿಗೆ ಮಗ್ಗಿ ಹೇಳಿಕೊಡುವ ಹಾಗೆ ಹೇಳಿದರು.

"ಗಟ್ಟಿ ಇದ್ದದ್ದನ್ನೇ ಹೊರಗಿನವರು ಕೇಳುವುದು ಪುತಾ. ಬಡಕಲನ್ನು ಯಾರು ತಕ್ಕೊಳ್ತಾರೆ, ಅದು ತಾಯಿ ಹತ್ತಿರವೇ ಇರಬೇಕು. ನಿನ್ನನ್ನು ಕಳಿಸಿದ್ದು ಮತ್ತೆ ಹೇಗೆ? ರೋಶನನನ್ನು ಕಳಿಸಿದ್ದರೆ ಮೆಡಿಕಲ್ಲೇ ಪಾಸಾಗ್ತಿರ್ಲಿಲ್ಲ."

ಅದು ನಿಜ. ಇಲ್ಲಿಗೆ ಬರುವ ಮೊದಲು ಮಂಗಳೂರಿನ ಮೆಡಿಕಲ್ಲಿನಲ್ಲಿ ನನ್ನನ್ನು ಬನಿಯನ್ ತೆಗೆಸಿ ನಿಲ್ಲಿಸಿದ್ದರು. ಬಾಯಿ ತೆರೆಸಿದರು, ಬೆನ್ನು ಒತ್ತಿದರು, ಕಾಲು ನೆಟ್ಟಗಿದೆಯಾ ಎಂದು ನಡೆಸಿ ನೋಡಿದರು. ಹೊರಗೆ ಬೆಂಚಿನಲ್ಲಿ ಕೂತಿದ್ದ ಅಮ್ಮ ನಾನು ಪಾಸಾದೆ ಎಂದು ಕೇಳಿ ಶಿಲುಬೆ ಗುರುತು ಹಾಕಿಕೊಂಡಿದ್ದರು.

ಮರುದಿನ ಪಾಸ್‌ಪೋರ್ಟ್ ತೆಗೆದುಕೊಂಡು ಇಕಾಮಾ ಮುಂದುವರಿಸಲು ಮಂದೂಬನ ಹತ್ತಿರ ಹೋದೆ. ದಾರಿಯಲ್ಲಿ ಬೈಯಬೇಕು ಎಂದುಕೊಂಡರೂ ಬೈಗುಳ ಬರಲಿಲ್ಲ. ಇಷ್ಟು ವರ್ಷದಲ್ಲಿ ಅಮ್ಮ ನನ್ನನ್ನು ಗಟ್ಟಿ ಎಂದದ್ದು ಅದೇ ಮೊದಲು. ಹೇಳಲು ನಾಚಿಕೆ, ಒಳಗೆ ಸಣ್ಣ ಖುಷಿಯಾಗಿತ್ತು. ತಕ್ಕಡಿಗೆ ಹತ್ತಿಸುವಾಗ ಆ ಎರಡು ಹಂದಿಗಳಿಗೂ ಹೀಗೇ ಆಗಿರಬೇಕು.