ಮೊಳೆಗೆ ತೂಗುಹಾಕಿದ ಕೀಲಿ

ಜುಲೈ ಹದಿಮೂರು, ಸೋಮವಾರ. ಬೆಳಿಗ್ಗೆ ಹತ್ತರವರೆಗೆ ಜಿಟಿಜಿಟಿ ಮಳೆ, ಆಮೇಲೆ ಬರೀ ಮೋಡ.

ತಂಬೂರಿನ ಹತ್ತಿರದ ನಮ್ಮೂರಲ್ಲಿ ಪಂಚಾಯ್ತಿ ಗ್ರಂಥಾಲಯ ನೋಡಿಕೊಳ್ಳುವವನು ನಾನು. ಪುಸ್ತಕಕ್ಕೆ ಬರುವವರಿಗಿಂತ ದಂಡದ ಚೀಟಿ ಪ್ರಿಂಟ್ ತೆಗೆಸಲು ಬರುವವರು ಹೆಚ್ಚು. ಹೀಗಾಗಿ ಇಂಥ ಪ್ರಸಂಗಗಳು ನಾನು ಹುಡುಕದಿದ್ದರೂ ಮೇಜಿನ ಮುಂದೆ ಬಂದು ನಿಲ್ಲುತ್ತವೆ.

ಅಂದು ಬಂದವನು ನಮ್ಮ ಓಣಿಯ ವ್ಯಾನಿನವ. ಕಲಘಟಗಿಯ ಶಾಲೆಯೊಂದರ ವ್ಯಾನು ಓಡಿಸುತ್ತಾನೆ. ಫೋನು ಮುಂದೆ ಹಿಡಿದು, "ಸರ, ಐದನೇದ ಬಂತ್ರಿ" ಅಂದ.

ಒಂದೇ ವರ್ಷದಲ್ಲಿ ಐದು ದಂಡ ಬಿದ್ದರೆ ಲೈಸೆನ್ಸ್ ಅಮಾನತು ಮಾಡಬಹುದು ಎಂದು ಈಗ ನಿಯಮ ಬಂದಿದೆ. ದಂಡಗಳೆಲ್ಲ ಬಿದ್ದದ್ದು ಅವನ ಬೈಕಿನ ಮೇಲೆ. ಆದರೆ ಬೈಕಿಗೂ ವ್ಯಾನಿಗೂ ಲೈಸೆನ್ಸ್ ಒಂದೇ. ಅದು ಹೋದರೆ ಶಾಲೆಯವರು ಬೇರೆ ಡ್ರೈವರನನ್ನು ನೋಡಿಕೊಳ್ಳುತ್ತಾರೆ. ಗುರುವಾರ ಆರ್‌ಟಿಒ ಕಚೇರಿಗೆ ಹಾಜರಾಗಬೇಕಿತ್ತು. ಐದರಲ್ಲಿ ಒಂದನ್ನಾದರೂ, ಓಡಿಸಿದವರು ತಮ್ಮ ಲೈಸೆನ್ಸ್ ತೋರಿಸಿ ಒಪ್ಪಿಕೊಂಡರೆ ಅವನು ಉಳಿದುಕೊಳ್ಳುತ್ತಿದ್ದ.

ತೊಂದರೆಯ ಮೂಲ ಅವನ ಮನೆಯ ಕಟ್ಟೆಯ ಕಂಬಕ್ಕೆ ಹೊಡೆದ ಒಂದು ಮೊಳೆ. ಅವನ ಅಪ್ಪನ ಕಾಲದಲ್ಲಿ ಅದರಲ್ಲಿ ಸೈಕಲ್ಲಿನ ಕೀಲಿ ಇರುತ್ತಿತ್ತು, ಈಗ ಬೈಕಿನದು. ಬೇಕಾದವರು ಒಯ್ಯುತ್ತಾರೆ, ತಂದು ತೂಗುಹಾಕುತ್ತಾರೆ. ಎಲ್ಲಿಗೆ ಎಂದು ಕೇಳುವುದು ನಮ್ಮ ಓಣಿಯಲ್ಲಿ ಮರ್ಯಾದೆಯಲ್ಲ.

ರಸ್ತೆಯ ಕ್ಯಾಮೆರಾ ತೆಗೆದು ದಂಡದ ಚೀಟಿಗೆ ಹಚ್ಚಿದ್ದ ಹಳೆಯ ನಾಲ್ಕು ಫೋಟೋಗಳು ನನ್ನ ಕಂಪ್ಯೂಟರಿನಲ್ಲೇ ಇದ್ದವು. ಒಂದೊಂದಾಗಿ ತೆಗೆದೆವು.

೧. ಹೆಲ್ಮೆಟ್ಟಿನ ಉಪಯೋಗ

ಮೊದಲನೆಯದರಲ್ಲಿ ಇರುವವನು ಬಾಜು ಮನೆಯ ಕಾಕಾ. ಹೆಲ್ಮೆಟ್ ಇದೆ, ಆದರೆ ತಲೆಯ ಮೇಲಲ್ಲ, ಹ್ಯಾಂಡಲ್ಲಿಗೆ ತೂಗುಬಿದ್ದಿದೆ. ಅದರ ತುಂಬ ಟೊಮ್ಯಾಟೊ. ಕಾಕಾನನ್ನು ಗ್ರಂಥಾಲಯಕ್ಕೇ ಕರೆಸಿದೆವು.

"ಸಂತಿಗೆ ಚೀಲ ಒಯ್ಯೂದ ಮರತಿದ್ದೆಪಾ. ಮತ್ತ ಎದರಾಗ ತರಲಿ?" ಎಂದ ಕಾಕಾ.

"ಅದಿರಲಿ ಕಾಕಾ. ನಿನ್ನ ಲೈಸೆನ್ಸ್ ತಂದು ಒಂದು ಸಹಿ ಮಾಡು, ನನ್ನ ನೌಕರಿ ಉಳೀತದ."

ಕಾಕಾ ಫೋಟೋವನ್ನು ದೂರ ಹಿಡಿದು ನೋಡಿದ. "ಲೈಸೆನ್ಸ್ ಇದ್ದಿದ್ರ ನಾ ಯಾಕ ನಿನ್ನ ಗಾಡಿ ಒಯ್ತಿದ್ದೆ? ನಂದ ಒಂದು ತಗೋತಿದ್ದೆ."

೨. ಅರ್ಜೆಂಟ್ ಫೋನು

ಎರಡನೆಯದರಲ್ಲಿ ಅವನ ಹೆಂಡತಿಯ ತಮ್ಮ. ಹೆಲ್ಮೆಟ್ ಸರಿಯಾಗಿಯೇ ಹಾಕಿದ್ದಾನೆ. ಅದರ ಸಂದಿಯಲ್ಲಿ ಫೋನು ತುರುಕಿಕೊಂಡು ಮಾತಾಡುತ್ತಿದ್ದಾನೆ. ವ್ಯಾನಿನವನಿಗೆ ಸಿಟ್ಟು ಬಂತು. ಅಲ್ಲಿಂದಲೇ ಫೋನು ಹಚ್ಚಿದ.

"ಗಾಡಿ ಹೊಡಕೋತ ಮಾತಾಡೂವಂಥಾ ಅರ್ಜೆಂಟ್ ಯಾರದಿತ್ತಲೇ?"

"ನಿಮ್ದರಿ ಮಾಮಾ. ಗಾಡ್ಯಾಗ ಎಣ್ಣಿ ಐತಿಲ್ಲೋ ನೋಡ್ಕೋ ಅಂತ ನೀವ ಹಚ್ಚಿದ್ರಿ."

ವ್ಯಾನಿನವ ದನಿ ತಗ್ಗಿಸಿದ. "ಇರಲಿ. ಇದೊಂದು ನಿನ್ನ ಹೆಸರಿಗೆ ತಗೋ."

"ನನ್ನವ ನಾಲ್ಕ ಅದಾವ್ರಿ ಮಾಮಾ. ಒಂದ ಕೆಲಸ ಮಾಡ್ರಿ, ನನ್ನವೊಂದೆರಡ ನೀವ ತಗೋರಿ."

೩. ಮೂವರು

ಮೂರನೆಯದರಲ್ಲಿ ಮಹಿಳಾ ಸಂಘದ ಮೂವರು ಒಂದೇ ಬೈಕಿನ ಮೇಲೆ ಬ್ಯಾಂಕಿಗೆ ಹೊರಟಿದ್ದಾರೆ. ಓಡಿಸುತ್ತಿರುವ ಅಧ್ಯಕ್ಷೆಯದು ಇನ್ನೂ ಕಲಿಯುವವರ ಲೈಸೆನ್ಸ್. ಎಲ್ಲರ ಹಿಂದೆ ಕುಳಿತವಳು ಕ್ಯಾಮೆರಾ ಕಡೆ ತಿರುಗಿ ನಗುತ್ತಿದ್ದಾಳೆ. ವ್ಯಾನಿನವ ಬಗ್ಗಿ ನೋಡಿದ.

"ನಮ್ಮಾಕೀನ ಇಕಿ. ಬಸ್ಸಿಗೆ ಹೋಗಿ ಬಂದೆ ಅಂದಿದ್ಲರಿ."

ಸಂಜೆ ಅವಳೇ ಗ್ರಂಥಾಲಯಕ್ಕೆ ಬಂದಳು. ತಪ್ಪೊಪ್ಪಿಗೆಗೆ ಬಂದಿರಬೇಕೆಂದುಕೊಂಡೆ. "ಅಣ್ಣಾರ, ಆ ಫೋಟೋ ಅಗದಿ ಚಲೋ ಬಂದೈತಂತಲ್ರಿ. ಇನ್ನೆರಡ ಕಾಪಿ ತೆಗದ ಕೊಡ್ರಿ, ಅವರಿಬ್ಬರೂ ಕೇಳ್ಯಾರ."

೪. ಅವನದೇ

ನಾಲ್ಕನೆಯದರಲ್ಲಿ ವ್ಯಾನಿನವನೇ. ಹೆಲ್ಮೆಟ್ ಇದೆ, ಫೋನಿಲ್ಲ, ಹಿಂದೆ ಯಾರೂ ಇಲ್ಲ. ಕೆಂಪು ದೀಪವಿದ್ದಾಗ ಹುಬ್ಬಳ್ಳಿಯ ಸಿಗ್ನಲ್ ದಾಟಿದ್ದಾನೆ.

"ಇಷ್ಟೆಲ್ಲ ಸರಿ ಇಟಕೊಂಡು ಸಿಗ್ನಲ್ ಯಾಕ ಹಾರಿದಿ?"

"ಹಿಂದಿನಾಂವ ಒಂದ ಸಮ ಹಾರ್ನ್ ಹೊಡಿಯಾಕತ್ತಿದ್ದರಿ. ಪಾಪ, ಅವಸರ ಇತ್ತೇನೋ ಅಂತ ದಾರಿ ಬಿಟ್ಟೆ."

ಇದಾದ ಮೇಲೆ, ಇನ್ನೊಂದಾದರೆ ಲೈಸೆನ್ಸ್ ಹೋಗುತ್ತದೆ ಎಂದು ಕಚೇರಿಯಿಂದ ಎಚ್ಚರಿಕೆಯ ನೋಟೀಸು ಮನೆಗೇ ಬಂದಿತ್ತು. ಅವನು ವ್ಯಾನಿನ ಮೇಲಿದ್ದ. ಹೆಂಡತಿ ಸಹಿ ಮಾಡಿ ತೆಗೆದುಕೊಂಡಿದ್ದಳು. ನೋಟೀಸನ್ನು ಅವನು ಜೋಪಾನವಾಗಿ ಅದೇ ಮೊಳೆಗೆ ಸಿಗಿಸಿದ್ದ.

೫. ಹಿಂದಿನಿಂದ ತೆಗೆದ ಫೋಟೋ

ಐದನೆಯದು ಹಿಂದಿನಿಂದ ತೆಗೆದದ್ದು. ಮುಖವಿಲ್ಲ, ಹೆಲ್ಮೆಟ್ ಇಲ್ಲ. ನೆತ್ತಿಯಲ್ಲಿ ಹಪ್ಪಳದಷ್ಟು ಬೋಳು, ಅದರ ನಟ್ಟನಡುವೆ ಒಂದು ಗುಚ್ಛ ಕೂದಲು.

"ಯಾರಿಗೆ ಕೊಟ್ಟಿದ್ದಿ?"

"ನಾ ಯಾರಿಗೂ ಕೊಡೂದಿಲ್ಲರಿ. ಅವರ ಒಯ್ತಾರ."

ಮೂರು ದಿನ ಅವನು ಊರಿನ ತಲೆಗಳನ್ನು ನೋಡುತ್ತ ತಿರುಗಿದ. ಕಾಕಾ ಕರೆಯದಿದ್ದರೂ ಬಂದು ಟೊಪ್ಪಿಗೆ ತೆಗೆದು ತೋರಿಸಿ ಹೋದ. ಗುಚ್ಛವಿರುವ ಬೋಳು ಸಿಗಲಿಲ್ಲ.

ಗುರುವಾರ ಅವನ ಬೈಕಿನ ಮೇಲೆ ನಾನೂ ಜೊತೆಗೆ ಹೋದೆ. ಸಾಹೇಬರು ಐದೂ ಫೋಟೋ ಮೇಜಿನ ಮೇಲೆ ಹರಡಿ, ಟೊಮ್ಯಾಟೊದ ಮೇಲೆ ಸ್ವಲ್ಪ ಹೊತ್ತು ಕಣ್ಣಿಟ್ಟರು.

"ಯಾರಾರ ಒಪ್ಪಿಕೊಂಡಾರೇನು?"

"ಇಲ್ಲರಿ."

"ಹಂಗಾದ್ರ ನನ್ನ ಕೈಯಾಗ ಏನೂ ಇಲ್ಲಪಾ. ಮೂರು ತಿಂಗಳು ಅಂತ ಬರೀತೀನಿ."

ಅಷ್ಟರಲ್ಲಿ ಜವಾನ ಚಹಾ ತಂದ. ಕಪ್ಪು ಇಡಲು ಮೇಜಿನ ಮೇಲೆ ಬಾಗಿದ. ಹಪ್ಪಳದಷ್ಟು ಬೋಳು, ನಡುವೆ ಗುಚ್ಛ.

ವ್ಯಾನಿನವ ಆ ತಲೆ ನೋಡಿದ, ಫೋಟೋ ನೋಡಿದ, ನನ್ನನ್ನು ನೋಡಿದ. ಹೊಟ್ಟೆಪಾಡಿನವನನ್ನು ಅವನ ಸಾಹೇಬರ ಮುಂದೆ ಹಿಡಿದುಕೊಡುವುದು ಅವನಿಂದಾಗುವ ಕೆಲಸವಲ್ಲ. ನಾನು ಹೇಳಲೇ ಎಂದು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಜವಾನನ ಕಣ್ಣು ತಾನೇ ಫೋಟೋದ ಮೇಲೆ ಬಿತ್ತು. ಟ್ರೇ ಕೆಳಗಿಟ್ಟು ಕೈಕಟ್ಟಿ ನಿಂತ.

"ಐದನೇದ ನಾನರಿ ಸಾಹೇಬ್ರ."

"ನೀನ? ಆ ಊರಿಗೆ ಯಾಕ ಹೋಗಿದ್ದಿ?"

"ನೋಟೀಸ್ ಕೊಡಾಕರಿ. ಬಸ್ ತಪ್ಪಿತ್ತರಿ. ಓಣಿಯವರು, ಕೀಲಿ ಮೊಳಿಗೆ ಐತಿ, ಒಯ್ಯಿ ಅಂದ್ರು. ಮರುದಿನ ಎಣ್ಣಿ ಹಾಕಿಸಿ ತಂದು ಬಿಟ್ಟೀನ್ರಿ."

"ಯಾವ ನೋಟೀಸ್?"

"ಇವರಿಗೇರಿ. ಹೆಲ್ಮೆಟ್ ಹಾಕ್ಕೊಂಡ, ನೇಮ ಪಾಲಿಸಿ ಗಾಡಿ ಹೊಡೀರಿ ಅಂತರಿ."

"ಮತ್ತ ನೀ ಯಾಕ ಹಾಕ್ಕೊಳ್ಳಲಿಲ್ಲ?"

"ಅದರಾಗ ಟೊಮ್ಯಾಟೊ ಕೊಳತ ವಾಸನಿ ಇತ್ತರಿ."

ಸಾಹೇಬರು ಮೊದಲನೆಯ ಫೋಟೋವನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಜವಾನನ ಲೈಸೆನ್ಸ್ ಕೇಳಿ, ಐದನೆಯದನ್ನು ಅವನ ಹೆಸರಿಗೆ ಬರೆದರು. ವ್ಯಾನಿನವನಿಗೆ ನಾಲ್ಕೇ ಉಳಿದವು.

ಸಂಜೆ ನಾವು ಬಸ್ಸಿನಿಂದ ಇಳಿದಾಗ ಅವನ ಹೆಂಡತಿ ಕಟ್ಟೆಯ ಮೇಲೆ ಕಾಯುತ್ತ ಕುಳಿತಿದ್ದಳು.

"ಲೈಸೆನ್ಸ್?"

"ಉಳೀತು."

"ಗಾಡಿ ಎಲ್ಲಿ?"

"ಜವಾನ ಒಯ್ದಾನ. ಅಣ್ಣಿಗೇರಿ ಕಡೆ ಇನ್ನೊಂದು ನೋಟೀಸ್ ಕೊಡೂದಿತ್ತಂತ."

ಅವಳು ನನ್ನ ಕಡೆ ನೋಡಿದಳು. ನಾನು ಮೊಳೆಯ ಕಡೆ ನೋಡಿದೆ.

"ಮತ್ತ ಕಡೀಕ ಎಷ್ಟ ಕಟ್ಟಿ ಬಂದ್ರಿ?"

"ದಂಡ ಅಂವನ ಕಟ್ಟಿದ. ನಾ ಕಟ್ಟಿದ್ದು ಎಂಟನೂರು, ಹೊಸ ಹೆಲ್ಮೆಟ್ಟಿಗೆ."

ಅವನ ಎರಡೂ ಕೈ ಖಾಲಿ ಇದ್ದವು. "ಎಲ್ಲೈತಿ ಅದು?" ಎಂದಳು.

"ಅಂವನ ತಲಿಮ್ಯಾಲೆ."