ಪುಟ್ಟಿಗೆ ಕುಂಬಳಕಾಯಿ ಬಿಸ್ಕತ್ತು

"ಸಕ್ಕರೆ ಇಲ್ಲ, ಉಪ್ಪಿಲ್ಲ, ಬೆಣ್ಣೆ ಇಲ್ಲ. ಇದನ್ನ ಬಿಸ್ಕತ್ತು ಅಂತಾರೇನೋ? ಇಂಥದ್ದು ನನ್ನ ಓವನ್‌ನಿಂದ ಆಚೆ ಬಂತು ಅಂತ ಗೊತ್ತಾದ್ರೆ ನಾಳೆಯಿಂದ ನಂಗೆ ಯಾರು ಕೇಕ್ ಆರ್ಡರ್ ಕೊಡ್ತಾರೆ ಹೇಳು?" ಎಂದಳು ಮೇಲ್ಮನೆಯ ಕೇಕಕ್ಕ, ಸೊಂಟದ ಮೇಲೆ ಕೈಯಿಟ್ಟುಕೊಂಡು.

"ತಿನ್ನೋದು ನಾಯಿ ಕಣಕ್ಕಾ," ಎಂದ ಮೀಟರಣ್ಣ, ಬೇಯಿಸಿದ ಸಿಹಿಗುಂಬಳವನ್ನು ಬಟ್ಟಲಲ್ಲಿ ಕಿವುಚುತ್ತ. "ಅದಕ್ಕೆ ಉಪ್ಪು, ಸಕ್ಕರೆ ಎಲ್ಲ ಆಗಲ್ವಂತೆ. ಫೋನಲ್ಲಿ ನೋಡಿದೀನಿ."

"ಆಗಲ್ವಂತೆ! ಅದೇನು ಬಾಯಿಬಿಟ್ಟು ನಿಂಗೆ ಹೇಳ್ತಾ?"

"ನನ್ನ ನೋಡಿದಾಗೆಲ್ಲ ಬಾಯಿ ಬಿಡುತ್ತೆ ಅಕ್ಕಾ. ಅದಕ್ಕೇ ಈ ಅವಸ್ಥೆ."

ಮನೆಮನೆಗೆ ಹೋಗಿ ಕರೆಂಟಿನ ಮೀಟರು ಓದಿಕೊಂಡು ಬರುವುದು ಅವನ ಉದ್ಯೋಗ. ಹಾಗಾಗಿ ಬೀದಿಗೆಲ್ಲ ಅವನು ಮೀಟರಣ್ಣ. ಕೆಲಸ ಕಷ್ಟದ್ದೇನಲ್ಲ, ಗೇಟು ತೆಗೆಯಬೇಕು, ಕತ್ತೆತ್ತಿ ನೋಡಬೇಕು, ಬರೆದುಕೊಳ್ಳಬೇಕು. ಆದರೆ ಗೇಟುಗಳ ಹಿಂದೆ ನಾಯಿಗಳಿರುತ್ತವೆ, ಮತ್ತು ನಾಯಿ ಎಂದರೆ ಮೀಟರಣ್ಣನಿಗೆ ಪ್ರಾಣಭಯ. ಅದರಲ್ಲಿ ದೊಡ್ಡದು ಚಿಕ್ಕದು ಎಂಬ ಭೇದಭಾವವಿರಲಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ನಾಯಿಮರಿಯ ಚಿತ್ರ ಬಂದ ತಿಂಗಳು ಅವನು ಆ ಹಾಳೆಯನ್ನು ಮಗುಚಿ, ಮನೆಮಂದಿಯನ್ನೆಲ್ಲ ಮುಂದಿನ ತಿಂಗಳಲ್ಲಿ ಬದುಕಿಸಿದ್ದ.

ಉಳಿದ ಮನೆಯವರು ಅವನ ಮುಖ ನೋಡಿ ನಾಯಿಯನ್ನು ಕಟ್ಟಿಹಾಕುತ್ತಿದ್ದರು. ಹಲ್ಲಿನ ಡಾಕ್ಟರ ಮನೆಯಲ್ಲಿ ಮಾತ್ರ ಹಗಲೆಲ್ಲ ಯಾರೂ ಇರುವುದಿಲ್ಲ. ಇರುವುದು ಕರುವಿನಷ್ಟು ಎತ್ತರದ, ಡಾಂಬರಿನ ಬಣ್ಣದ, ಕಾಂಪೌಂಡಿನೊಳಗೆ ಸ್ವಚ್ಛಂದವಾಗಿ ತಿರುಗಾಡಿಕೊಂಡಿರುವ ಒಂದು ನಾಯಿ. ಅದಕ್ಕೆ ಡಾಕ್ಟರು ಇಟ್ಟ ಹೆಸರು ಪುಟ್ಟಿ. "ಏನೂ ಮಾಡಲ್ಲ, ಸುಮ್ನೆ ಒಳಗೆ ಬನ್ನಿ" ಎಂದು ಅವರು ಒಂದು ಸಲ ಹೇಳಿದ್ದೂ ಉಂಟು. ಹಾಗೆನ್ನುವಾಗ ಪುಟ್ಟಿ ಅವರ ಹಿಂದೆ ನಿಂತು ಆಕಳಿಸಿತ್ತು. ಹಲ್ಲಿನ ಡಾಕ್ಟರ ನಾಯಿಯಲ್ಲವೇ, ಹಲ್ಲುಗಳು ಒಂದಕ್ಕಿಂತ ಒಂದು ಆರೋಗ್ಯವಾಗಿದ್ದವು.

ಅಂದಿನಿಂದ ಮೀಟರಣ್ಣ ಆ ಮನೆಯ ಮೀಟರನ್ನು ಎದುರು ರಸ್ತೆಯಿಂದಲೇ ಓದತೊಡಗಿದ. ಓದುವುದೆಂದರೆ, ಕಣ್ಣು ಮುಚ್ಚಿ ನಿಂತು, ಹೋದ ತಿಂಗಳ ಅಂಕಿಗೆ ಇಷ್ಟು ಸೇರಿಸುವುದು. ಬಿಸಿಲು ಜೋರಾಗಿದ್ದರೆ ಇನ್ನಿಷ್ಟು. ತಂತಿಯ ಮೇಲೆ ಬಟ್ಟೆ ಜಾಸ್ತಿ ಒಣಗುತ್ತಿದ್ದರೆ, ಬಟ್ಟೆ ಒಗೆಯುವ ಯಂತ್ರದ ಲೆಕ್ಕಕ್ಕೆ ಮತ್ತಿಷ್ಟು. ಎಲ್ಲ ಚೆನ್ನಾಗಿಯೇ ನಡೆದಿತ್ತು. ಆದರೆ ಹೋದ ತಿಂಗಳು ಡಾಕ್ಟರು ಮೇನ್ ಸ್ವಿಚ್ ಆರಿಸಿ, ಮನೆಗೆ ಬೀಗ ಹಾಕಿ, ಪುಟ್ಟಿಯನ್ನೂ ಕರೆದುಕೊಂಡು ತಂಗಿಯ ಮನೆಗೆ ಹೋಗಿ ಇಡೀ ತಿಂಗಳು ಇದ್ದು ಬಂದರು. ಬಂದು ನೋಡಿದರೆ ಬಿಲ್ಲು ಎಂದಿಗಿಂತ ಹೆಚ್ಚು! ಆ ತಿಂಗಳು ಕಾಂಪೌಂಡಿನಲ್ಲಿ ಒಂದು ಬೆಕ್ಕೂ ಇರಲಿಲ್ಲ. ಮೀಟರಣ್ಣ ಬೇಕಾದರೆ ಒಳಗೆ ಹೋಗಿ ಚಾಪೆ ಹಾಸಿ ಮಲಗಬಹುದಿತ್ತು. ಆದರೆ ಅವನಿಗೆ ಎದುರು ರಸ್ತೆಯವರೆಗೂ ಬೊಗಳಿದ್ದು ಕೇಳಿಸಿತ್ತು.

ಹಿಂದಿನ ದಿನ ಡಾಕ್ಟರು ಕರೆಂಟಿನ ಕಚೇರಿಗೆ ಬಂದು ದೂರು ಕೊಟ್ಟಿದ್ದರು. ಅಲ್ಲಿಯ ಸೂಪರ್ವೈಸರ್ ಹೆಚ್ಚು ಮಾತಾಡಿರಲಿಲ್ಲ. "ನಾಳೆ ಮಧ್ಯಾಹ್ನ ನಾನೇ ಆ ಮನೆ ಹತ್ರ ಬರ್ತೀನಿ. ನೀವು ಕಣ್ಣಾರೆ ನೋಡಿದ ರೀಡಿಂಗು ನಂಗೆ ಹೇಳ್ಬೇಕು. ಇಲ್ಲಾಂದ್ರೆ ನಾಳಿದ್ದಿಂದ ಬರೋದು ಬೇಡ." ಇಷ್ಟೇ ಹೇಳಿ ಚಹಾ ಕುಡಿದಿದ್ದರು. ನಾಯಿ ಕಟ್ಟಿ ಎಂದು ಡಾಕ್ಟರನ್ನು ಕೇಳುವ ಹಾಗಿಲ್ಲ. ಕೇಳಿದರೆ, ಇಷ್ಟು ದಿನ ಒಳಗೇ ಬಂದಿಲ್ಲವೆಂದು ತಾನಾಗಿ ಒಪ್ಪಿಕೊಂಡಂತೆ. ಹಾಗಾಗಿ ಬೆಳಿಗ್ಗೆ ಎದ್ದವನೇ ಗೋಧಿಹಿಟ್ಟಿನ ಡಬ್ಬ ಎತ್ತಿಕೊಂಡು, ಹೆಂಡತಿಯನ್ನೂ ಕರೆದುಕೊಂಡು ಕೇಕಕ್ಕನ ಓವನ್ ಮುಂದೆ ಬಂದು ನಿಂತಿದ್ದ.

ಹಿಟ್ಟಿಗೆ ಕಿವುಚಿದ ಕುಂಬಳಕಾಯಿ, ಒಂದು ಮೊಟ್ಟೆ, ಹುರಿದು ಅರೆದ ಕಡಲೆಕಾಯಿ ಬೀಜ. ಹೆಂಡತಿ ಗಟ್ಟಿಯಾಗಿ ಕಲಸಿ, ಲಟ್ಟಿಸಿ, ಔಷಧಿ ಬಾಟಲಿಯ ಮುಚ್ಚಳದಿಂದ ದುಂಡಗೆ ಒತ್ತಿ ಕತ್ತರಿಸಿದಳು. ಅವಳ ಕೈ ನಿಧಾನವಾಗಿ, ನೆಮ್ಮದಿಯಾಗಿ ಓಡುತ್ತಿತ್ತು. ಅವನು ಮಾತ್ರ ಫೋನಿನಿಂದ ಕಣ್ಣೇ ತೆಗೆಯಲಿಲ್ಲ. ಅಂಚು ಕೆಂಪಾಗಿ, ತಟ್ಟಿದರೆ ಟಕಟಕ ಅನ್ನುವವರೆಗೂ ಬೇಯಿಸಿ ಆರಲು ಇಟ್ಟರು. ಹೆಂಡತಿ ಒಂದರ ತುದಿ ಕಚ್ಚಿ ನೋಡಿದಳು.

"ಹೇಗಿದೆ?"

"ಗೋಡೆ ನೆಕ್ಕಿದ ಹಾಗಿದೆ ರೀ. ಆದ್ರೆ ಒಳ್ಳೇ ಗೋಡೆ."

ಕೆಳಗಿನ ಮನೆಯ ಕಂಪೌಂಡರ್ ಮಾಮ ವಾಸನೆ ಹಿಡಿದು ಮೇಲೆ ಬರುವಷ್ಟರಲ್ಲಿ ಮೀಟರಣ್ಣ ಚೀಲ ಹೆಗಲಿಗೆ ಹಾಕಿ ಹೊರಟಾಗಿತ್ತು.

ಎರಡು ಬೀದಿ ದಾಟಿದರೆ ಡಾಕ್ಟರ ಮನೆ. ಗೇಟಿನ ಸರಳುಗಳ ಹಿಂದೆ ಪುಟ್ಟಿ ನಿಂತಿತ್ತು. ಬೊಗಳಲಿಲ್ಲ. ಬೊಗಳದೆ ನೋಡಿತು, ಅದು ಇನ್ನೂ ಕೆಟ್ಟದಾಗಿತ್ತು. ಮೀಟರಣ್ಣ ಚೀಲದಿಂದ ಬಿಸ್ಕತ್ತಿನ ಪೊಟ್ಟಣ ತೆಗೆದ. ಕಣ್ಣು ಮುಚ್ಚಿ ಒಂದು ಬಿಸ್ಕತ್ತು ಎಸೆದ. ಕಟುಂ ಎಂದು ಸದ್ದಾಯಿತು. ತನ್ನದೇ ಯಾವುದಾದರೂ ಮೂಳೆಯೇ ಎಂದು ತಡವಿ ನೋಡಿಕೊಂಡ; ಅಲ್ಲ. ಇನ್ನೊಂದು ಎಸೆದ. ಮತ್ತೊಂದು. ಕೊನೆಗೆ ಪೊಟ್ಟಣವೇ ಕೈಜಾರಿ ಸರಳಿನ ಸಂದಿಯಿಂದ ಒಳಗೆ ಬಿತ್ತು. ಪುಟ್ಟಿ ಎಲ್ಲವನ್ನೂ ಮುಗಿಸಿ, ಕಾಗದವನ್ನೂ ನೆಕ್ಕಿ, ಅವನ ಕಡೆ ನೋಡಿ ಬಾಲವನ್ನು ಒಂದೇ ಒಂದು ಸಲ ಆಡಿಸಿತು. ಆಮೇಲೆ ನಿಧಾನಕ್ಕೆ ಹೋಗಿ, ಪಕ್ಕದ ಗೋಡೆಯಲ್ಲಿದ್ದ ಮೀಟರ್ ಪೆಟ್ಟಿಗೆಯ ಕೆಳಗೇ ಧೊಪ್ಪನೆ ಬಿದ್ದುಕೊಂಡು ಕಣ್ಣು ಮುಚ್ಚಿತು.

ಜೀವಮಾನದಲ್ಲಿ ಒಂದು ನಾಯಿ ಅವನಿಗೆ ಬಾಲ ಆಡಿಸಿದ್ದು ಇದೇ ಮೊದಲು. ಮೀಟರಣ್ಣ ಒಂದು ಹೆಜ್ಜೆ ಮುಂದೆ ಬಂದ. ಚಿಲಕದ ಮೇಲೆ ಕೈಯಿಟ್ಟ.

"ಅಯ್ಯೋ, ನಿಲ್ಲೋ! ಕೊಡಬೇಡ್ವೋ!"

ಬೀದಿಯ ಆ ತುದಿಯಿಂದ ಕೇಕಕ್ಕ ಓಡಿ ಬರುತ್ತಿದ್ದಳು, ಸೊಂಟದಲ್ಲಿ ಹಿಟ್ಟಿನ ಏಪ್ರನ್. ಹಿಂದೆ ಕಂಪೌಂಡರ್ ಮಾಮ, ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಯಾರದ್ದೋ.

"ಎಲ್ಲಾ ತಿಂತು ಅಕ್ಕಾ," ಎಂದ ಮೀಟರಣ್ಣ ಹೆಮ್ಮೆಯಿಂದ. "ಯಾಕೆ?"

ಕೇಕಕ್ಕ ಗೋಡೆಗೆ ಒರಗಿ ಎದೆ ಹಿಡಿದುಕೊಂಡಳು. "ನಂಗೆ ತಡೆಯೋಕಾಗಲಿಲ್ಲ ಕಣೋ. ಏನೂ ಇಲ್ಲದ ಹಿಟ್ಟು ಓವನ್‌ಗೆ ಇಡೋಕೆ ಮನಸ್ಸು ಬರಲಿಲ್ಲ. ನೀನು ಫೋನ್ ನೋಡ್ತಿದ್ದಾಗ ಒಂದು ಹಿಡಿ ಒಣದ್ರಾಕ್ಷಿ ಬಟ್ಟಲಿಗೆ ಸುರಿದೆ."

"ದ್ರಾಕ್ಷಿ ನಾಯಿಗೆ ವಿಷ," ಎಂದರು ಕಂಪೌಂಡರ್ ಮಾಮ, ಪರೀಕ್ಷೆಯ ಫಲಿತಾಂಶ ಓದುವ ಹಾಗೆ. "ಮೂತ್ರಪಿಂಡ ಹೋಗುತ್ತೆ. ನಾಯಿ ಎಲ್ಲಿ?"

ಮೂವರೂ ಸರಳುಗಳ ಸಂದಿಯಿಂದ ನೋಡಿದರು. ಪುಟ್ಟಿ ಮಲಗಿದಲ್ಲೇ ಮಲಗಿತ್ತು. ಅಲುಗಾಡಲಿಲ್ಲ.

"ಹೋಯ್ತು," ಎಂದರು ಮಾಮ.

ಮೀಟರಣ್ಣ ಚಿಲಕದಿಂದ ಕೈ ತೆಗೆದ. ಇಷ್ಟು ತಿಂಗಳು ಅವನಿಗೆ ಈ ನಾಯಿ ಬದುಕಿದೆಯೆಂಬ ಭಯವಿತ್ತು. ಈಗ ಅದು ಸತ್ತಿದೆಯೆಂಬ ಭಯ ಬಂದು ಪಕ್ಕದಲ್ಲಿ ಕುಳಿತಿತು. ಎರಡರಲ್ಲಿ ಯಾವುದು ದೊಡ್ಡದೆಂದು ಅಳೆಯಲೂ ಆಗದು. ತಿಂಗಳುಗಟ್ಟಲೆ ಸುಳ್ಳು ಬಿಲ್ಲು ಕೊಟ್ಟವನು, ದೂರು ಕೊಟ್ಟ ಮಾರನೆಯ ದಿನವೇ ಬಂದು ನಾಯಿಗೆ ವಿಷ ಹಾಕಿದ! ಯಾವ ಪೊಲೀಸಿನವನು ಇದನ್ನು ಕುಂಬಳಕಾಯಿ ಬಿಸ್ಕತ್ತು ಎಂದು ನಂಬುತ್ತಾನೆ? ಮೇಲಾಗಿ, ಆ ಒಂದು ಸಲದ ಬಾಲ ಕಣ್ಣ ಮುಂದೆ ಆಡುತ್ತಲೇ ಇತ್ತು.

ಮಾಮ ಆಗಲೇ ದನದ ಡಾಕ್ಟರಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದ್ದರು.

"ಉಸಿರಾಡ್ತಿದ್ಯಾ?" ಎಂದಿತು ಫೋನು.

"ದೂರದಿಂದ ಗೊತ್ತಾಗ್ತಿಲ್ಲ ಡಾಕ್ಟ್ರೇ."

"ದೂರದಲ್ಲಿ ಯಾಕ್ರೀ ನಿಂತಿದೀರ? ಹತ್ರ ಹೋಗಿ, ತುಟಿ ಎತ್ತಿ ಒಸಡು ನೋಡಿ. ಗುಲಾಬಿ ಬಣ್ಣ ಇದ್ರೆ ಸದ್ಯಕ್ಕೆ ಪರವಾಗಿಲ್ಲ, ನಾನು ಬರೋವರೆಗೂ ತಡೆಯುತ್ತೆ. ಬಿಳಿಚಿಕೊಂಡಿದ್ರೆ ತಕ್ಷಣ ಎತ್ಕೊಂಡು ಬನ್ನಿ."

ಎತ್ಕೊಂಡು. ಮೀಟರಣ್ಣ ಗೋಡೆ ಹಿಡಿದುಕೊಂಡ.

"ಹೋಗೋ," ಎಂದಳು ಕೇಕಕ್ಕ.

"ದ್ರಾಕ್ಷಿ ಹಾಕಿದ್ದು ನೀವಲ್ವಾ ಅಕ್ಕಾ?"

"ಹಾಕಿದ್ದು ನಾನು, ತಿನ್ನಿಸಿದ್ದು ನೀನು."

"ಮಾಮಾ, ನೀವು ಆಸ್ಪತ್ರೇಲಿ ಇದ್ದವರು..."

"ನಂಗೆ ಮಂಡಿ ನೋವು. ನಾಯಿ ಎದ್ರೆ ಓಡೋಕಾಗಲ್ಲ. ನಿಂಗೆ ವಯಸ್ಸಿದೆ."

"ಡಾಕ್ಟ್ರೇ," ಎಂದ ಮೀಟರಣ್ಣ ಫೋನಿಗೆ, ಅಳುವ ದನಿಯಲ್ಲಿ, "ಬಾಯಿಗೆ ಕೈ ಹಾಕದೆ ನೋಡೋ ಬೇರೆ ದಾರಿ ಇದ್ಯಾ?"

"ನಾನೀಗ ಒಂದು ಹಸುವಿನೊಳಗೆ ಭುಜದವರೆಗೂ ಕೈ ಹಾಕ್ಕೊಂಡು ನಿಂತಿದೀನಿ. ನಿಮಗೆ ಒಂದು ತುಟಿ ಎತ್ತೋಕೆ ಆಗಲ್ವೇನ್ರೀ?" ಎಂದಿತು ಫೋನು. ಹಿನ್ನೆಲೆಯಲ್ಲಿ ಹಸುವೂ ಹೌದೆಂದಿತು.

ಚಿಲಕ ತೆಗೆದದ್ದು ಯಾರೆಂದು ಆಮೇಲೆ ಮೂವರೂ ಬೇರೆಬೇರೆ ಹೇಳಿದರು. ಅಂತೂ ಮೀಟರಣ್ಣ ಒಳಗಿದ್ದ, ಗೇಟು ಹಿಂದಿನಿಂದ ಮುಚ್ಚಿತ್ತು. ಒಂದು ಹೆಜ್ಜೆ ಇಟ್ಟು ನಿಲ್ಲುವನು, ತಾನು ಮನೆಯಲ್ಲಿ ಯಾವ ಯಾವ ಮಾತು ಹೇಳದೆ ಬಂದೆ ಎಂದು ಯೋಚಿಸುವನು, ಮತ್ತೆ ಒಂದು ಹೆಜ್ಜೆ. ಕಡೆಗೆ ಪುಟ್ಟಿಯ ತಲೆಯ ಹತ್ತಿರ ಮಂಡಿಯೂರಿದ. ಹತ್ತಿರದಿಂದ ಅದರ ಮುಖ ಒಂದು ಸೂಟ್‌ಕೇಸಿನಷ್ಟಿತ್ತು. ಉಸಿರು ಬರುತ್ತಿದೆಯೇ ಎಂದು ಕೈಯೊಡ್ಡಿದ. ಬೆಚ್ಚಗೆ ಏನೋ ತಾಗಿತು, ಅದು ತನ್ನದೇ ಉಸಿರೋ ಏನೋ.

"ತುಟಿ ಎತ್ತೋ!" ಗೇಟಿನಾಚೆಯಿಂದ ಮಾಮ. "ಟಾರ್ಚ್ ಹಾಕ್ಕೋ!"

ಎಡಗೈಯಲ್ಲಿ ಫೋನಿನ ಬೆಳಕು ಹಿಡಿದು ಬಲಗೈಯ ಎರಡು ಬೆರಳಿಂದ ಆ ಕಪ್ಪು, ಒದ್ದೆ, ದಪ್ಪ ತುಟಿಯನ್ನು ಮೇಲೆತ್ತಿದ. ಒಳಗೆ ಹಲ್ಲುಗಳು ಸಾಲಾಗಿ ಅವನಿಗಾಗಿಯೇ ಕಾದು ಕುಳಿತಂತೆ ಹೊಳೆದವು. ಅವುಗಳ ಮೇಲೆ ಒಸಡು, ಗುಲಾಬಿ. ಅಪ್ಪಟ ಗುಲಾಬಿ.

"ಗುಲಾಬಿ!" ಎಂದು ಕಿರುಚಿಬಿಟ್ಟ.

ಪುಟ್ಟಿ ಒಂದು ಕಣ್ಣು ತೆರೆಯಿತು. ಆ ಕಣ್ಣು ಮೊದಲು ಬೆಳಕನ್ನು ನೋಡಿತು, ಆಮೇಲೆ ತನ್ನ ಬಾಯೊಳಗಿದ್ದ ಬೆರಳನ್ನು, ಆಮೇಲೆ ಬೆರಳಿನ ಯಜಮಾನನನ್ನು. ನೆಲದಡಿಯಿಂದ ಲಾರಿ ಬಂದಂತೆ ಒಂದು ಗುರುಗುಟ್ಟುವಿಕೆ ಎದ್ದಿತು. ಮೀಟರಣ್ಣ ಕೂತಲ್ಲಿಂದ ನೆಟ್ಟಗೆ ಮೇಲಕ್ಕೆ ಹಾರಿದ, ಹಣೆಗೆ ಠಣ್ ಎಂದು ಏನೋ ಬಡಿಯಿತು, ಕಣ್ಣ ಮುಂದೆ ನಕ್ಷತ್ರ. ಮುಂದಿನದೆಲ್ಲ ಕಾಲುಗಳ ಕಾರುಬಾರು. ಪ್ರಜ್ಞೆ ಬಂದಾಗ ಅವನು ಗೇಟಿನ ಹೊರಗಿದ್ದ. ಅಂಗಿಯ ಹಿಂಭಾಗದ ಒಂದು ತುಂಡು ಒಳಗಿತ್ತು. ಪುಟ್ಟಿ ಸರಳಿನ ಮೇಲೆ ಎರಡೂ ಮುಂಗಾಲಿಟ್ಟು ನಿಂತು, ನಿದ್ದೆ ಕೆಟ್ಟ ಸಿಟ್ಟನ್ನೆಲ್ಲ ಬೊಗಳಿ ತೀರಿಸಿಕೊಳ್ಳುತ್ತಿತ್ತು.

"ಬದುಕಿದೆ ಬಿಡು," ಎಂದರು ಮಾಮ, ಬೇಕಾಗಿಯೇ ಇಲ್ಲದಿದ್ದರೂ.

ಆಗ ಹೆಂಡತಿಯ ಫೋನ್ ಬಂತು. "ರೀ, ಏನೋ ದ್ರಾಕ್ಷಿ ಅಂತ ಇವ್ರಿಬ್ರೂ ಓಡಿದ್ರಲ್ಲ, ಏನದು? ಹಿಟ್ಟಿನ ಮೇಲೆ ಬಿದ್ದಿತ್ತಲ್ಲ, ಆ ದ್ರಾಕ್ಷೀನಾ? ಕಲಸೋ ಮುಂಚೆ ಎಲ್ಲಾ ಆರಿಸಿ ನಾನೇ ತಿಂದೆ. ತುಂಬಾ ಚೆನ್ನಾಗಿತ್ತು."

ಕೇಕಕ್ಕ ಅಲ್ಲೇ ಕಲ್ಲಿನ ಮೇಲೆ ಕುಳಿತು ನಗುವುದಕ್ಕೂ ಅಳುವುದಕ್ಕೂ ಒಟ್ಟಿಗೆ ಶುರುಮಾಡಿದಳು. ಮಾಮ ಅವನ ಬೆನ್ನು ತಟ್ಟಿದರು. "ಹುಲಿ ಕಣಯ್ಯಾ ನೀನು! ಅಂಥ ಬಾಯೊಳಗೆ ಕೈ ಹಾಕಿ ಬಂದೆ!" ಮೀಟರಣ್ಣನ ಎದೆ ಇನ್ನೂ ಡಬಡಬ ಹೊಡೆದುಕೊಳ್ಳುತ್ತಿತ್ತು. ಆದರೂ ಅವನಿಗೆ ತನ್ನ ಬಗ್ಗೆ ತುಸು ಮರ್ಯಾದೆ ಹುಟ್ಟಿತು.

ಬೈಕೊಂದು ಬಂದು ನಿಂತಿತು. ಕಚೇರಿಯ ಟೋಪಿ ತೊಟ್ಟ ಸೂಪರ್ವೈಸರ್ ಇಳಿದರು.

"ಏನ್ರೀ ಇದು? ಅಂಗಿ ಹರಿದಿದೆ, ಹಣೆ ಊದಿದೆ!"

"ಒಳಗೆ ಹೋಗಿದ್ದೆ ಸಾರ್."

"ಹಣೆಗೆ ಏನಾಯ್ತು?"

"ಮೀಟರ್ ಪೆಟ್ಟಿಗೆ ಬಡೀತು ಸಾರ್."

ಸೂಪರ್ವೈಸರ ಮುಖ ಅರಳಿತು. "ಭೇಷ್! ಅಂದ್ರೆ ಮೀಟರ್‌ವರೆಗೂ ಹೋಗಿದ್ರಿ! ನಿಮ್ಮ ಬಗ್ಗೆ ನಾನು ಏನೇನೋ ಅಂದ್ಕೊಂಡಿದ್ದೆ ಕಣ್ರೀ, ತಪ್ಪಾಯ್ತು. ಸರಿ, ಹೇಳಿ."

"ಏನ್ ಸಾರ್?"

"ರೀಡಿಂಗು."

ಮೀಟರಣ್ಣ ಬಾಯಿ ತೆರೆದ. ತಲೆಯೊಳಗೆ ಎಲ್ಲ ಕಡೆ ಹುಡುಕಿದ. ಅಂಕಿಯೊಂದೂ ಸಿಗಲಿಲ್ಲ.

"ನಾಲಿಗೆ ಮೇಲೆ ಒಂದು ಕಪ್ಪು ಮಚ್ಚೆ ಇದೆ ಸಾರ್," ಎಂದ ಮೆಲ್ಲಗೆ. "ಬಲಗಡೆ ಹಿಂದಿನ ಹಲ್ಲು ಒಂದು ಸ್ವಲ್ಪ ಮೊಂಡು."

"ಮೀಟರಿಂದು ಹೇಳ್ರೀ!"

ಅವನು ಕೇಕಕ್ಕನ ಕಡೆ ನೋಡಿದ. ಕೇಕಕ್ಕ ಮಾಮನ ಕಡೆ ನೋಡಿದಳು. ಮಾಮ ತಮ್ಮ ಕಾಲಲ್ಲಿರುವುದು ಯಾರ ಚಪ್ಪಲಿಯೆಂದು ಪರೀಕ್ಷಿಸತೊಡಗಿದರು.

"ನೋಡೋಕೆ... ಮರೆತೋಯ್ತು ಸಾರ್."

ಸೂಪರ್ವೈಸರ್ ಟೋಪಿ ಸರಿಮಾಡಿಕೊಂಡರು. ಆಮೇಲೆ ತಣ್ಣಗೆ ಹೇಳಿದರು: "ಹೋಗಿ. ನೋಡ್ಕೊಂಡು ಬನ್ನಿ."

"ಬಿಸ್ಕತ್ತು ಖಾಲಿ ಸಾರ್. ನೀವೂ ಜೊತೆಗೆ ಬಂದ್ರೆ..."

"ನಾನು ಸೂಪರ್ವೈಸರ್ ಕಣ್ರೀ. ನಂದು ಹೊರಗಿಂದ ನೋಡೋ ಕೆಲಸ. ಅದೋ, ಅಲ್ಲೇ ಇದೆ ಪೆಟ್ಟಿಗೆ, ಎಷ್ಟು ದೂರ?" ಎನ್ನುತ್ತ ಅವರು ಗೇಟಿನ ಮೇಲಿಂದ ಬಗ್ಗಿ ಬೆರಳು ತೋರಿಸಿದರು.

ಪುಟ್ಟಿ ಒಂದೇ ಸಲ ಬೊಗಳಿತು. ಸೂಪರ್ವೈಸರ್ ಹಿಂದಕ್ಕೆ ಹಾರಿ ಮೀಟರಣ್ಣನ ಬೆನ್ನ ಹಿಂದೆ ನಿಂತರು. ಟೋಪಿ ಮಾತ್ರ ಮುಂದಕ್ಕೆ ಹೋಗಿ ಕಾಂಪೌಂಡಿನೊಳಗೆ ಬಿತ್ತು. ಪುಟ್ಟಿ ಅದನ್ನು ಮೂಸಿ ನೋಡಿ, ಬಾಯಲ್ಲಿ ಕಚ್ಚಿಕೊಂಡು, ಮೀಟರಿನ ಕೆಳಗೆ ಹೋಗಿ ಅದರ ಮೇಲೆಯೇ ಮಲಗಿತು.