ನಿಶ್ಚಿತಾರ್ಥಕ್ಕೆ ಮೊಲ ತರುವ ಮಾವ

ನಮ್ಮ ಸೋದರಮಾವನನ್ನು ನಿಶ್ಚಿತಾರ್ಥಕ್ಕೆ ಕರೆಯುವ ಧೈರ್ಯ ನೆಂಟರಲ್ಲಿ ಯಾರಿಗೂ ಇರಲಿಲ್ಲ. ಕರೆಯದಿದ್ದರೂ ಬರುತ್ತಿದ್ದರು ಅನ್ನುವುದು ಬೇರೆ ಮಾತು. ಬಂದವರು ಸುಮ್ಮನೆ ಉಂಡು ಹೋಗುತ್ತಿದ್ದರೇ? ಕೈಯಲ್ಲೊಂದು ಬುಟ್ಟಿ, ಅದರಲ್ಲಿ ಎರಡು ಮೊಲ, ಒಂದು ಕಂದು, ಒಂದು ಬಿಳಿ.

ಈ ಮಾವ ನನಗೆ ಭಾವನೂ ಹೌದು. ಅಮ್ಮನ ತಮ್ಮ, ನಮ್ಮಕ್ಕನ ಗಂಡ. ನಮ್ಮ ಕಡೆ ಇದೇನು ಹೊಸದಲ್ಲ. ಅಕ್ಕ ಹುಟ್ಟಿದ ದಿನವೇ ಅಜ್ಜಿ, "ನಿನ್ನ ಹೆಂಡ್ತಿ ಬಂದ್ಲು ಕಣೋ" ಅಂದಿದ್ದರಂತೆ. ನಾನಂತೂ ಅವರನ್ನು ಹಬ್ಬಕ್ಕೆ ಮಾವ ಅಂತಲೂ ಜಗಳಕ್ಕೆ ಭಾವ ಅಂತಲೂ ಕರೆಯುತ್ತೇನೆ.

ಅವರಿಗೆ ಮಗಳು ಹುಟ್ಟಿದಳು. ಎಷ್ಟು ಕೂಗಿದರೂ ಮಗು ತಿರುಗಿ ನೋಡದಿದ್ದಾಗ ಬೆಂಗಳೂರಿನ ಡಾಕ್ಟರಿಗೆ ತೋರಿಸಿದರು. "ಸಂಬಂಧದಲ್ಲಿ ಮದುವೆನಾ?" ಎಂದು ಕೇಳಿದ ಡಾಕ್ಟರು, ಒಂದೇ ಮನೆತನದ ಇಬ್ಬರಲ್ಲೂ ಕಿವುಡು ಅಡಗಿ ಕೂತಿದ್ದರೆ ಮಗುವಿನಲ್ಲಿ ಹೊರಬರಬಹುದು ಎಂದರು. ಮಾವ ನಂಬಲಿಲ್ಲ. "ನಮ್ಮಿಬ್ರಿಗೂ ಕಿವಿ ಚೆನ್ನಾಗೇ ಕೇಳ್ಸುತ್ತಲ್ಲ" ಎಂದು ವಾದಿಸಿ ಬಂದರು.

ಪರೀಕ್ಷೆ ಮಾಡಲೆಂದು ಒಂದು ಕಂದು ಗಂಡು ಮೊಲ, ಒಂದು ಬಿಳಿ ಹೆಣ್ಣು ಮೊಲ ತಂದು ಅರಿಶಿನಕುಂಟೆಯ ಮನೆ ಹಿತ್ತಲಲ್ಲಿ ಸಾಕಿದರು. ಮರಿಗಳೆಲ್ಲ ಕಂದು. "ಬಿಳಿ ಎಲ್ಲಿ ಅಡಗೈತೆ? ಡಾಕ್ಟ್ರಿಗೇನೂ ಗೊತ್ತಿಲ್ಲ" ಎಂದು ಬೀದಿಗೆಲ್ಲ ಸಾರಿದರು. ಆ ಮರಿಗಳು ಬೆಳೆದು, ಅಣ್ಣ ತಂಗಿ ಎಂದು ನೋಡದೆ ಸಂಸಾರ ಹೂಡಿದವು. ಈ ಸಲದ ಮರಿಗಳಿಗೆ ಕೂದಲು ಬಂದಾಗ ಕಂದಿನ ನಡುವೆ ಒಂದು ಅಚ್ಚ ಬಿಳಿ. ಅವತ್ತು ಮಾವ ಊಟ ಮಾಡಲಿಲ್ಲ.

ಸಂಬಂಧದಲ್ಲಿ ಮದುವೆ ಎಂದರೆ ಬುಟ್ಟಿ ಎತ್ತಿಕೊಂಡು ಹೊರಡುವುದು ಆಮೇಲೆ ಶುರುವಾಯಿತು. ಒಂದು ಕಡೆ ಅಡುಗೆ ಭಟ್ಟ ಬುಟ್ಟಿ ಇಣುಕಿ, "ಎರಡು ಮೊಲ ಇಷ್ಟು ಜನಕ್ಕೆ ಎಲ್ಲಿ ಸಾಲುತ್ತೆ ಯಜಮಾನ್ರೇ?" ಎಂದಿದ್ದ. ಇನ್ನೊಂದು ಕಡೆ ಗಂಡಿನ ತಾಯಿ, "ನಮ್ಮ ಮಗ ಮೊಲ ಅಲ್ಲ" ಎಂದು ಬಾಗಿಲು ತೋರಿಸಿದ್ದಳು. ಮದುವೆ ಮಾತ್ರ ಒಂದೂ ನಿಲ್ಲಲಿಲ್ಲ.

ಹೋದ ವರ್ಷ ನಂದಗುಡಿಯ ನೆಂಟರ ಮನೆಯಲ್ಲಿ ನಿಶ್ಚಿತಾರ್ಥ. ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ಕೆಲಸ ಮಾಡುವ ಮಾವನ ಮಗಳಿಗೆ ಅವತ್ತು ರಜೆ, ಅವಳೂ ಬಂದಿದ್ದಳು. ಮಾವ ಬಿಳಿ ಮೊಲ ಎತ್ತಿ ಹಿಡಿದು ಹೇಳಿದರು: "ಇದು ಅಜ್ಜಿ ಬಣ್ಣ ಕಣ್ರಪ್ಪಾ. ಮಕ್ಕಳಲ್ಲಿ ಬಚ್ಚಿಟ್ಕೊಂಡಿತ್ತು, ಮೊಮ್ಮಕ್ಕಳಲ್ಲಿ ಎದ್ದು ಬಂತು. ಒಂದೇ ಮನೆಯವರು ಸೇರಿದ್ರೆ ಹಿಂಗಾಗುತ್ತೆ, ಬೇಡ."

ಅಪ್ಪ ಏನು ಹೇಳುತ್ತಿದ್ದಾರೆ ಎಂದು ಮಗಳು ತನ್ನ ತಾಯಿಯನ್ನು, ಅಂದರೆ ನಮ್ಮಕ್ಕನನ್ನು, ಕೇಳಿದಳು. ಅಕ್ಕ ಕೈಸನ್ನೆಯಲ್ಲಿ ಹೇಳಿದಳು. ಹುಡುಗಿ ಎದ್ದು ಅಪ್ಪನ ಮುಂದೆ ನಿಂತು ಕೈಯಾಡಿಸಿದಳು.

"ಏನಂತೆ?" ಎಂದರು ಮಾವ. ಅವರು ಆ ಭಾಷೆ ಕಲಿತಿರಲಿಲ್ಲ. ಅಪ್ಪ ಮಗಳ ನಡುವೆ ಯಾವಾಗಲೂ ಅಕ್ಕನೇ.

ಅಕ್ಕ ಮಾವನ ಕೈಯಲ್ಲಿದ್ದ ಮೊಲವನ್ನು ತೆಗೆದು ಬುಟ್ಟಿಗೆ ಬಿಟ್ಟಳು. "ಹಂಗಾದ್ರೆ ನಾನು ಹುಟ್ಟಬಾರ್ದಿತ್ತಾ, ಅಂತಾಳೆ."

ಉತ್ತರ ಹೇಳಲು ಮಾವನ ಕೈ ಮೇಲೆದ್ದಿತು. ಅವರಿಗೆ ಬರುತ್ತಿದ್ದ ಸನ್ನೆ ಊಟ, ನೀರು, ಬಸ್ಸು, ಹುಷಾರು, ಇಷ್ಟೇ. ಅದರಲ್ಲಿ ಯಾವುದನ್ನು ಹೇಳುವುದು? ಮಗಳ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡು, ಇಲ್ಲ ಇಲ್ಲ ಎಂದು ತಲೆಯಾಡಿಸುತ್ತ ನಿಂತುಬಿಟ್ಟರು.

ಆಮೇಲೆ ಅವರು ಯಾವ ನಿಶ್ಚಿತಾರ್ಥಕ್ಕೂ ಹೋಗಿಲ್ಲ. ಸಂಬಂಧದಲ್ಲಿ ಮದುವೆ ಮಾಡಬಹುದಾ ಎಂದು ಯಾರಾದರೂ ಕೇಳಿದರೆ, "ಮೊದಲು ಡಾಕ್ಟ್ರನ್ನ ಕೇಳಿ" ಎಂದಷ್ಟೇ ಹೇಳುತ್ತಾರೆ. ಭಾನುವಾರ ಮಗಳು ಬಂದರೆ ಜಗಲಿಯ ಮೇಲೆ ಅವರಿಗೆ ಕೈಸನ್ನೆಯ ಪಾಠ. ಗುದ್ದಲಿ ಹಿಡಿದ ಬೆರಳು, ಬೇಗ ಬಗ್ಗುವುದಿಲ್ಲ. ಮೊನ್ನೆ ನಾನು ಹೋದಾಗ ತಡವರಿಸುತ್ತ ಏನನ್ನೋ ಉದ್ದಕ್ಕೆ ಹೇಳಿ ಮುಗಿಸಿದರು. ಹುಡುಗಿ ತಲೆ ತಗ್ಗಿಸಿ ಕಣ್ಣೊರೆಸಿಕೊಂಡಳು.

"ಏನು ಹೇಳಿದ್ರಿ ಮಾವ?" ಎಂದೆ.

"ನಿಂಗ್ಯಾಕೋ? ಅದು ನಮ್ಮಿಬ್ರ ಮಾತು" ಎಂದರು.